ಕೇಳಿದ್ದು ಸಿಗದಿದ್ದರೂ 'ತಂದೆಯೇ' ಎನ್ನುವ ಪ್ರಾರ್ಥನೆ: ಕ್ರೈಸ್ತರ ನಂಬಿಕೆ ಏನು ಹೇಳುತ್ತದೆ?

ಭಾನುವಾರದ ಆರಾಧನೆ ಇರಲಿ, ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲಿ ಮಾಡುವ ರಾತ್ರಿಯ ಪ್ರಾರ್ಥನೆ ಇರಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕವೇ ಇರಲಿ, ಕ್ರೈಸ್ತರು ಒಟ್ಟಾಗಿ ಹೇಳುವ ಪ್ರಾರ್ಥನೆಯೊಂದಿದೆ. ಕನ್ನಡದಲ್ಲಿ ಅದು 'ಕರ್ತನ ಪ್ರಾರ್ಥನೆ'. ಮಂಗಳೂರಿನಿಂದ ಮುಂಬೈಗೆ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರಿಗೆ ಅದು 'ಆಮ್ಚ್ಯಾ ಬಾಪಾ', ಅಂದರೆ 'ನಮ್ಮ ತಂದೆಯೇ'.

ಯೇಸು ಕ್ರಿಸ್ತರು ಶಿಷ್ಯರಿಗೆ ಕಲಿಸಿದ ಈ ಪ್ರಾರ್ಥನೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಲೂಕನ 11ನೇ ಅಧ್ಯಾಯದಲ್ಲೂ ಇದೆ. ಲೂಕನದು ಚಿಕ್ಕದು. ಆದರೆ ಎರಡೂ ಶುರುವಾಗುವುದು ದೇವರನ್ನು ತಂದೆ ಎಂದು ಕರೆಯುವುದರಿಂದಲೇ.

'ಅಬ್ಬಾ' ಎಂದರೆ ಅಪ್ಪ

ಯೇಸು ಆಡುತ್ತಿದ್ದ ಭಾಷೆ ಅರಾಮಿಕ್. ಅದರಲ್ಲಿ ತಂದೆಗೆ 'ಅಬ್ಬಾ' ಎನ್ನುತ್ತಾರೆ. ಸುವಾರ್ತೆಗಳನ್ನು ಗ್ರೀಕ್ ಭಾಷೆಯಲ್ಲಿ ಬರೆಯಲಾಗಿದ್ದರೂ ಮಾರ್ಕನು ಈ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡಿದ್ದಾನೆ. ಪೌಲನ ಎರಡು ಪತ್ರಗಳಲ್ಲೂ ಅದು ಬರುತ್ತದೆ. ಜರ್ಮನ್ ವಿದ್ವಾಂಸ ಯೋಆಕಿಮ್ ಯೆರೆಮಿಯಾಸ್ ಅವರ ಬರಹಗಳಿಂದಾಗಿ, ಇದು ಮಗುವಿನ ತೊದಲು ಮಾತು ಎಂಬ ಅಭಿಪ್ರಾಯ ಕಳೆದ ಶತಮಾನದಲ್ಲಿ ಹಬ್ಬಿತ್ತು. ಬೆಳೆದ ಮಕ್ಕಳೂ ಹಾಗೇ ಕರೆಯುತ್ತಿದ್ದರು ಎಂದು ಜೇಮ್ಸ್ ಬಾರ್ 1988ರಲ್ಲಿ ತಕರಾರು ತೆಗೆದರು. ಕನ್ನಡಿಗರಿಗೆ ಈ ಜಗಳ ಅಷ್ಟೇನೂ ಕಷ್ಟದ್ದಲ್ಲ. 'ಅಪ್ಪಾ' ಎಂದು ಮೂರು ವರ್ಷದ ಮಗುವೂ ಕರೆಯುತ್ತದೆ, ಐವತ್ತು ದಾಟಿದ ಮಗನೂ ಕರೆಯುತ್ತಾನೆ. ಸಲುಗೆಯೂ ಗೌರವವೂ ಒಂದೇ ಪದದಲ್ಲಿವೆ.

ಮಾರ್ಕನು ಆ ಪದವನ್ನು ಉಳಿಸಿಕೊಂಡ ಜಾಗ ಗಮನಿಸಬೇಕಾದದ್ದು. ಅದು ಶಿಲುಬೆಗೇರುವ ಹಿಂದಿನ ರಾತ್ರಿ, ಗೆತ್ಸೆಮನೆ ತೋಟ. ಬರಲಿರುವ ಯಾತನೆ ತಪ್ಪಲಿ ಎಂದು ಯೇಸು 'ಅಬ್ಬಾ' ಎಂದು ಕರೆದು ಬೇಡುತ್ತಾರೆ, ಆದರೂ ತಂದೆಯ ಚಿತ್ತದಂತೆಯೇ ಆಗಲಿ ಎನ್ನುತ್ತಾರೆ. ಯಾತನೆ ತಪ್ಪಲಿಲ್ಲ. ಗಟ್ಟಿಯಾಗಿ ನಂಬಿದರೆ ಕೆಲಸ, ಮನೆ, ಆರೋಗ್ಯ ಎಲ್ಲವೂ ಸಿಕ್ಕೇಸಿಗುತ್ತದೆ ಎಂದು ಸಾರುವ ಬೋಧಕರು ಇಂದು ಬಹಳ ಮಂದಿ ಇದ್ದಾರೆ. ಈ ತೋಟದ ರಾತ್ರಿಯನ್ನು ಅವರು ಹೇಗೆ ವಿವರಿಸುತ್ತಾರೋ! ತಂದೆಯನ್ನು ನಂಬುವುದು ಎಂದರೆ ಬೇಡಿದ್ದು ಸಿಗುತ್ತದೆ ಎಂಬ ಖಾತರಿಯಲ್ಲ. ಸಿಗದಿದ್ದಾಗಲೂ ಅವನ ಜೊತೆ ಮಾತು ಬಿಡದಿರುವುದು.

ಹಾಗೆಂದು ಏನನ್ನೂ ಕೇಳಬಾರದು ಎಂದಲ್ಲ. ರೊಟ್ಟಿ ಕೇಳಿದ ಮಗನ ಕೈಗೆ ಯಾವ ತಂದೆ ಕಲ್ಲು ಕೊಡುತ್ತಾನೆ ಎಂದು ಯೇಸು ಕೇಳಿದ್ದುಂಟು. ಈ ಪ್ರಾರ್ಥನೆಯಲ್ಲೂ ರೊಟ್ಟಿಯ ಬೇಡಿಕೆ ಇದೆ, ಅದೂ ಇವತ್ತಿನ ಮಟ್ಟಿಗೆ. ಅಲ್ಲಿರುವ 'ಎಪಿಊಸಿಯೋಸ್' ಎಂಬ ಗ್ರೀಕ್ ಪದ ಬೇರೆ ಬರಹಗಳಲ್ಲಿ ಸಿಗುವುದೇ ಅಪರೂಪ. ಹಾಗಾಗಿ 'ದಿನದ', 'ನಾಳೆಯ', 'ಬೇಕಾದಷ್ಟು' ಎಂದು ವಿದ್ವಾಂಸರು ಬೇರೆ ಬೇರೆ ಅರ್ಥ ಹೇಳುತ್ತಾರೆ. ವರ್ಷಕ್ಕಾಗುವಷ್ಟು ಎಂದಂತೂ ಅಲ್ಲ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕ ಮನ್ನವೂ ಹಾಗೇ. ನಾಳೆಗಿರಲಿ ಎಂದು ಎತ್ತಿಟ್ಟದ್ದು ಹುಳ ಬಿದ್ದು ಕೆಟ್ಟುಹೋಯಿತು ಎನ್ನುತ್ತದೆ ವಿಮೋಚನಕಾಂಡ. ತಿಂಗಳ ಕೊನೆಗೆ ಬಾಡಿಗೆ, ಕಂತು, ಶಾಲೆಯ ಫೀಸು ಎಂದು ಲೆಕ್ಕ ಹಾಕುವವರಿಗೆ ಇದು ಸುಲಭದ ಪ್ರಾರ್ಥನೆಯಲ್ಲ.

ಅಪ್ಪನೆಂದರೆ ಭಯವಾದರೆ?

ಕುಡಿದು ಬಂದು ಹೊಡೆಯುವ ಅಪ್ಪನನ್ನು, ಮನೆ ಬಿಟ್ಟುಹೋದ ಅಪ್ಪನನ್ನು ಕಂಡು ಬೆಳೆದವರಿಗೆ ಈ ಮೊದಲ ಪದವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ 'ಸುಮ್ಮನೆ ನಂಬು' ಎನ್ನುವುದು ಕ್ರೌರ್ಯವೇ ಸರಿ. ಮನೆಯ ಅಪ್ಪನನ್ನು ನೋಡಿ ದೇವರನ್ನು ಅಳೆಯಬೇಡಿ ಎನ್ನುವುದು ಕ್ರೈಸ್ತ ಬೋಧನೆ. ಅದಕ್ಕೆ ತೋರಿಸುವುದು ಲೂಕನ 15ನೇ ಅಧ್ಯಾಯದ ತಂದೆಯನ್ನು. ಪಾಲು ಕೇಳಿ ಪಡೆದು, ಎಲ್ಲವನ್ನೂ ಹಾಳುಮಾಡಿ ಬಂದ ಮಗನನ್ನು ದೂರದಿಂದಲೇ ಕಂಡು ಅವನು ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಮಗ ಸಿದ್ಧಮಾಡಿಕೊಂಡು ಬಂದ ಕ್ಷಮಾಪಣೆಯ ಮಾತು ಪೂರ್ತಿಯಾಗುವವರೆಗೂ ಕಾಯುವುದಿಲ್ಲ. ತಂದೆ ಎಂಬ ಪದವೇ ಬೇಡವೆನಿಸುವವರಿಗೆ ಯೆಶಾಯನ ಗ್ರಂಥದಲ್ಲಿ ಇನ್ನೊಂದು ದಾರಿ ಇದೆ: ಅಲ್ಲಿ ದೇವರು ತಾಯಿಯಂತೆ ಸಂತೈಸುತ್ತಾನೆ.

ಇನ್ನು 'ನಮ್ಮ' ಎಂಬ ಮಾತು. ಬಾಗಿಲು ಹಾಕಿಕೊಂಡು ಒಬ್ಬರೇ ಪ್ರಾರ್ಥಿಸಿದರೂ ಇಲ್ಲಿ 'ನನ್ನ ತಂದೆ' ಎನ್ನುವಂತಿಲ್ಲ. ಇತರರನ್ನು ಕ್ಷಮಿಸುವ ಮಾತೂ ಇದೇ ಪ್ರಾರ್ಥನೆಯೊಳಗಿದೆ. ಆಸ್ತಿ ಜಗಳದಲ್ಲಿ ಅಣ್ಣನೊಂದಿಗೆ ಮಾತು ಬಿಟ್ಟ ತಮ್ಮನೂ ಪ್ರತಿ ರಾತ್ರಿ 'ನಮ್ಮ' ಎಂದೇ ಶುರುಮಾಡಬೇಕು.