ಬಿ.ಎ. ಇಂಗ್ಲಿಷ್ ಓದಿ ಏನು ಮಾಡುತ್ತಾಳೆ?



ಈ ಸಾಲಿನ ಸಂದರ್ಶನಕ್ಕೆ ಹರಿಹರದಿಂದ ಒಬ್ಬ ತಂದೆ ತಮ್ಮ ಮಗಳನ್ನು ಕರೆದುಕೊಂಡು ಬಂದಿದ್ದರು. ಅವರಿಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಹುಡುಗಿ ಪಿಯುಸಿ ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಬಿ.ಎ. ಇಂಗ್ಲಿಷೇ ಬೇಕು ಅಂತಾಳೆ ಸಾರ್. ಅದನ್ನ ಓದಿ ಏನ್ ಮಾಡ್ತಾಳ್ರೀ?" ಸಮಿತಿಯಲ್ಲಿದ್ದ ಒಬ್ಬಿಬ್ಬರು ಬಿ.ಕಾಂ. ಮಾಡಿಸಿ ಎಂದರು. ಇಂಗ್ಲಿಷ್ ಯಾಕಮ್ಮಾ ಎಂದು ನಾನು ಹುಡುಗಿಯನ್ನೇ ಕೇಳಿದೆ. "ಪಾಠದ ಕಥೆಗಳನ್ನ ನಮ್ಮ ನಾನಿಗೆ ನಮ್ಮ ಮಾತಲ್ಲಿ ಹೇಳ್ತೀನಿ ಸಾರ್. ಕೆಲವು ಮಾತು ನಮ್ಮ ಭಾಷೆಗೆ ಬರೋದೇ ಇಲ್ಲ. ಅದು ಯಾಕೆ ಅಂತ ತಿಳ್ಕೋಬೇಕು" ಎಂದಳು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ನನ್ನ ಮಕ್ಕಳಲ್ಲಿ ಹೆಚ್ಚಿನವರನ್ನು ಪ್ರಶ್ನೋತ್ತರ ಬರೆಸಿ, ಬಾಯಿಪಾಠ ಮಾಡಿಸಿಯೇ ಪಾಸು ಮಾಡಿಸಿದ್ದೇನೆ. ಹಾಗಾಗಿ ಆ ದಿನ ಅವಳ ತಂದೆಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಬಿ.ಕಾಂ., ಬಿ.ಎಸ್‌ಸಿ. ಮಕ್ಕಳೂ ಇಂಗ್ಲಿಷನ್ನು ಒಂದು ಭಾಷೆಯಾಗಿ ಓದುತ್ತಾರೆ. ಅದು ಬೇರೆ, ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದುವುದು ಬೇರೆ. ಐಚ್ಛಿಕದಲ್ಲಿ ಕಾವ್ಯ, ನಾಟಕ, ಕಾದಂಬರಿ, ವಿಮರ್ಶೆ, ಭಾಷೆಯ ಚರಿತ್ರೆ ಬರುತ್ತವೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರಾಗಬೇಕಾದರೆ ಸಾಮಾನ್ಯವಾಗಿ ಹೀಗೆ ಐಚ್ಛಿಕವಾಗಿ ಓದಿ, ಮೇಲೆ ಬಿ.ಇಡಿ. ಮಾಡಿರಬೇಕು. "ನಾನೂ ಡಿಗ್ರಿಯಲ್ಲಿ ಇಂಗ್ಲಿಷ್ ಓದಿದ್ದೆನಲ್ಲ ಸಾರ್" ಎಂದು ತಡವಾಗಿ ಬಂದು ಕೇಳುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಇನ್ನು ಇಂಗ್ಲಿಷ್ ವಿಭಾಗಗಳು ಮಾಡಿದ್ದೇನು ಎಂಬ ಮಾತು. ಇಂಗ್ಲಿಷ್ ಓದಿದವರು ಕನ್ನಡ ಬಿಟ್ಟು, ಊರು ಬಿಟ್ಟು ಹೋಗುತ್ತಾರೆ ಎಂಬ ಭಾವನೆ ನಮ್ಮಲ್ಲಿದೆ. ನಮ್ಮ ನಾಡಿನ ಚರಿತ್ರೆ ಇದಕ್ಕೆ ಉಲ್ಟಾ ಇದೆ. ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಅವರ 'ಇಂಗ್ಲಿಷ್ ಗೀತಗಳು' ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆಯಿತು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಸವಣೂರು ನವಾಬರು ಆಳಿದ ಊರು. ಅಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ ಬಂದು, ಜೀವನಪೂರ್ತಿ ಇಂಗ್ಲಿಷ್ ಕಲಿಸಿದರು. ಅವರಿಗೆ ಜ್ಞಾನಪೀಠ ಬಂದದ್ದು ಕನ್ನಡದಲ್ಲಿ ಬರೆದುದಕ್ಕೆ. ಯು.ಆರ್. ಅನಂತಮೂರ್ತಿಯವರೂ ಇಂಗ್ಲಿಷ್ ಮೇಷ್ಟ್ರೇ. ಅವರ 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದ್ದವರು. ಕಾಸರಗೋಡು ಸೀಮೆಯ ಕೆ.ವಿ. ತಿರುಮಲೇಶರು ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡು ಕನ್ನಡ ಕಾವ್ಯ ಬರೆದರು. 'ಅಕ್ಷಯ ಕಾವ್ಯ'ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಮ್ಮ ದಾವಣಗೆರೆ, ಹರಿಹರದ ಕಾಲೇಜುಗಳಿಗೂ ಇದರ ನಂಟಿದೆ. 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಆಗುವ ತನಕ ಈ ಕಾಲೇಜುಗಳು ಕುವೆಂಪು ವಿಶ್ವವಿದ್ಯಾನಿಲಯದ ಕೆಳಗಿದ್ದವು. ಅದರ ಮೊದಲ ಕುಲಪತಿ ಶಾಂತಿನಾಥ ದೇಸಾಯಿ, 'ಮುಕ್ತಿ' ಕಾದಂಬರಿ ಬರೆದ ಇಂಗ್ಲಿಷ್ ಪ್ರಾಧ್ಯಾಪಕರು. ನಮ್ಮ ಎಷ್ಟೋ ಮಂದಿಯ ಆ ಕಾಲದ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಅವರದೇ ಸಹಿ ಇದ್ದೀತು, ತೆಗೆದು ನೋಡಿ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಆ ಪತ್ರಿಕೆ ಕಟ್ಟಿದ ಪಿ. ಲಂಕೇಶ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ಕಾದಂಬರಿಯನ್ನು ಇಂಗ್ಲಿಷಿಗೆ ತಂದ ವನಮಾಲಾ ವಿಶ್ವನಾಥ ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದವರು. ಅವರೇ ರಾಘವಾಂಕನ ಹಳಗಾಲದ ಹರಿಶ್ಚಂದ್ರ ಕಾವ್ಯವನ್ನೂ ಇಂಗ್ಲಿಷಿಗೆ ಅನುವಾದಿಸಿದ್ದಾರೆ. ತಲಾಖಿಗೆ ಸಿಕ್ಕಿದ ಒಬ್ಬ ಹೆಣ್ಣುಮಗಳ ಕಥೆ ಒಂದು ಕನ್ನಡ ವಾರಪತ್ರಿಕೆಯಿಂದ ಹೊರಗಿನ ಓದುಗರವರೆಗೆ ಹೋಗುವ ದಾರಿಯಲ್ಲಿ ಇಬ್ಬರು ಇಂಗ್ಲಿಷ್ ಮೇಷ್ಟರು ಸಿಗುತ್ತಾರೆ.

2025ರ ಮೇ ತಿಂಗಳ ಸುದ್ದಿ ಎಲ್ಲರಿಗೂ ಗೊತ್ತು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ 'ಹಾರ್ಟ್ ಲ್ಯಾಂಪ್' ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ಪುಸ್ತಕದಲ್ಲಿ 12 ಕಥೆಗಳಿವೆ. ಬಾನು ಅವರ ಮನೆಮಾತು ಉರ್ದು. ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಕನ್ನಡದಲ್ಲೇ ಬರೆದವರು. ಪೋಷಕರು ಗಮನಿಸಬೇಕಾದ ಒಂದು ಅಂಶವನ್ನು ಪತ್ರಿಕೆಗಳು ಒಂದೇ ಸಾಲಿನಲ್ಲಿ ಮುಗಿಸಿದವು: 50,000 ಪೌಂಡಿನ ಬಹುಮಾನವನ್ನು ಲೇಖಕಿಗೂ ಅನುವಾದಕಿಗೂ ಸರಿಸಮ ಹಂಚುತ್ತಾರೆ. ಅಂದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾತನ್ನು ಸಾಗಿಸುವ ಕೆಲಸಕ್ಕೆ ಬರೆದವರಷ್ಟೇ ಬೆಲೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಆಜಾದ್ ನಗರದ, ಹರಿಹರದ ಮಕ್ಕಳು ಈ ಕೆಲಸವನ್ನು ಸಣ್ಣವರಿದ್ದಾಗಿನಿಂದಲೇ ಪುಕ್ಕಟೆ ಮಾಡುತ್ತಿದ್ದಾರೆ. ಆಸ್ಪತ್ರೆ ಚೀಟಿ, ಬ್ಯಾಂಕಿನ ನೋಟೀಸು ಯಾರು ಓದಿ ಹೇಳುವುದು ಮನೆಯಲ್ಲಿ? ನಾನಿಗೆ ಕಥೆ ಹೇಳುವ ಆ ಹುಡುಗಿ ಮಾಡುತ್ತಿರುವುದೂ ಅದನ್ನೇ.

ಇದೆಲ್ಲ ಸರಿ ಸಾರ್, ಕೆಲಸ? ಎನ್ನುತ್ತೀರಿ. ಹೇಳುತ್ತೇನೆ.

ಡಿಗ್ರಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದು ಕೆನೆಪದರಕ್ಕೆ ಸೇರದವರಿಗೆ ಶೇ. 50 ಸಾಕು. ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಪಾಸಾಗಿರಬೇಕು. ನೆಟ್ ದೇಶಮಟ್ಟದ್ದು. ಕೆ-ಸೆಟ್ ನಮ್ಮ ರಾಜ್ಯದ್ದು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನೆಟ್‌ನಲ್ಲಿ 150 ಪ್ರಶ್ನೆ, 300 ಅಂಕ, 3 ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಾಧ್ಯಾಪಕರ ಅರ್ಹತೆಗೆ ಬರೆಯಲು ವಯಸ್ಸಿನ ಮಿತಿ ಇಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ ಬರೆಯಬಹುದು, ಇದನ್ನು ಅಳಿಯಂದಿರಿಗೂ ತಿಳಿಸಿ. ನೆಟ್‌ನಲ್ಲಿ ಮೇಲಿನ ಸ್ಥಾನ ಬಂದವರಿಗೆ ಸಿಗುವ ಜೆ.ಆರ್.ಎಫ್.ಗೆ ಮಾತ್ರ ವಯೋಮಿತಿ ಇದೆ. 2023ರಿಂದ ಅದರ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಎಂ.ಎ. ಮುಗಿದ ಕೂಡಲೇ ಕಾಯಂ ಕೆಲಸ ಸಿಗುವುದು ಅಪರೂಪ. ಹಲವರು ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯುತ್ತಾರೆ. ಅಲ್ಪಸಂಖ್ಯಾತ ಸಮುದಾಯದ ಸಂಶೋಧಕರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತಿದೆ. ದಾನಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನಾವು ಡಿಗ್ರಿಯ ಮೂರು ವರ್ಷ ಫೀಸು ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಹುಡುಗಿಯರು ನಿಲ್ಲುವುದು ಅದರ ಮುಂದಿನ ಮೆಟ್ಟಿಲಲ್ಲಿ. ಹರಿಹರದಿಂದ ದಾವಣಗೆರೆಗೆ, ಅಲ್ಲಿಂದ ತೋಳಹುಣಸೆಗೆ ದಿನಾ ಹೋಗಿ ಬರುವ ಎಂ.ಎ.ಯ ಎರಡು ವರ್ಷ, ಆಮೇಲೆ ನೆಟ್‌ಗೆ ಕುಳಿತು ಓದುವ ಒಂದು ವರ್ಷ. ಆ ವರ್ಷದ ಖರ್ಚನ್ನು ಯಾರೂ ಕೊಡುವುದಿಲ್ಲ, ನಮ್ಮ ಅರ್ಜಿ ನಮೂನೆಯಲ್ಲಿ ಅದಕ್ಕೆ ಕಾಲಂ ಕೂಡ ಇರಲಿಲ್ಲ. ಇಂಜಿನಿಯರಿಂಗ್ ಸೀಟಿನ ಒಂದು ವರ್ಷದ ಫೀಸಿನಲ್ಲಿ ಇಂತಹ ಎಷ್ಟು ಮಕ್ಕಳನ್ನು ದಾಟಿಸಬಹುದು, ನೀವೇ ಲೆಕ್ಕ ಹಾಕಿ.

ಪೋಷಕರಿಗೆ ಇನ್ನೊಂದು ಮಾತು. ಕಾಲೇಜಿನ ಗೇಟಿನಲ್ಲಿ ಫ್ಲೆಕ್ಸ್ ನೋಡಿ ಮರುಳಾಗಬೇಡಿ. 'ಐ.ಎಸ್.ಬಿ.ಎನ್. ಪುಸ್ತಕ ಪ್ರಕಟಣೆ' ಎಂದಿದ್ದರೆ ಅದು ಪುಸ್ತಕಕ್ಕೆ ಸಿಗುವ ನೋಂದಣಿ ಸಂಖ್ಯೆ ಅಷ್ಟೇ, ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ, ಪುಸ್ತಕ ಚೆನ್ನಾಗಿದೆ ಎಂದು ಅದರ ಅರ್ಥವಲ್ಲ. ಸೆಮಿನಾರಿನ ಫೋಟೋಗಳೂ ಹಾಗೆಯೇ. ವಿಭಾಗಕ್ಕೆ ಹೋಗಿ ಕೇಳಿ: ಹೋದ ಮೂರು ವರ್ಷದಲ್ಲಿ ಐಚ್ಛಿಕ ಇಂಗ್ಲಿಷಿನ ಎಷ್ಟು ಮಕ್ಕಳು ಎಂ.ಎ., ಬಿ.ಇಡಿ.ಗೆ ಹೋದರು? ನೆಟ್, ಕೆ-ಸೆಟ್ ಯಾರಾದರೂ ಪಾಸಾದರೇ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಬೇರೆ ತರಗತಿ ಮಾಡುತ್ತೀರಾ? ಈ ಕೊನೆಯ ಪ್ರಶ್ನೆಗೆ ಹೌದು ಎನ್ನುವ ಮೇಷ್ಟರು ಸಿಕ್ಕಿದರೆ, ಕಾಲೇಜಿನ ಕಟ್ಟಡ ಹಳೆಯದಿದ್ದರೂ ಅಲ್ಲೇ ಸೇರಿಸಿ.

ಮಂಡಕ್ಕಿ ಭಟ್ಟಿಯ ಆ ತಂದೆಗೆ ಇದನ್ನೆಲ್ಲ ಮನೆಗೆ ಹೋಗಿ ಹೇಳಿ ಬಂದೆ. ಅವರು ಕೇಳಿದ್ದು ಬಸ್ ಪಾಸಿನ ವಿಚಾರ.

ಬರುವ ಸಾಲಿನ ಅರ್ಜಿಯಲ್ಲಿ ಬರೀ 'ಬಿ.ಎ.' ಎಂದು ಬರೆಯಬೇಡಿ. ಐಚ್ಛಿಕ ವಿಷಯಗಳ ಹೆಸರನ್ನೂ ಬರೆಯಿರಿ. ಎಂ.ಎ. ಓದುತ್ತಿರುವವರು, ನೆಟ್ ಅಥವಾ ಕೆ-ಸೆಟ್‌ಗೆ ತಯಾರಿ ನಡೆಸುತ್ತಿರುವವರು ಪುಸ್ತಕ, ಪರೀಕ್ಷಾ ಶುಲ್ಕ ಮತ್ತು ಪ್ರಯಾಣದ ಖರ್ಚನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿ. ಬರೆಯಲು ತೊಡಕಾದರೆ ಭಾನುವಾರ ಬೆಳಿಗ್ಗೆ ಟ್ರಸ್ಟಿನ ಕಚೇರಿಯಲ್ಲಿ ನಾನಿರುತ್ತೇನೆ.