ದೂರಕ್ಕಿಂತ ನೇರವೇ ಲೇಸು

ತಿರುವನಂತಪುರದಿಂದ ಕೊಲ್ಲಂ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ನಗರದ ಗದ್ದಲ ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಕಳಕ್ಕೂಟಂ ಎದುರಾಗುತ್ತದೆ. 1962ರಲ್ಲಿ ಇಲ್ಲಿ ಸೈನಿಕ ಶಾಲೆ ಆರಂಭವಾಯಿತು. 1985ರಲ್ಲಿ ಪಕ್ಕದ ಕಾರ್ಯವಟ್ಟಂನಲ್ಲಿ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು ಸ್ಥಾಪನೆಗೊಂಡಿತು. 1990ರಲ್ಲಿ ಟೆಕ್ನೋಪಾರ್ಕ್ ತಲೆಯೆತ್ತಿತು. ಹೀಗೆ ದೇಹವನ್ನು ಹುರಿಗೊಳಿಸುವ ವಿದ್ಯೆಯೂ ದೇಹವನ್ನು ದಿನವಿಡೀ ಕುರ್ಚಿಗೆ ಕಟ್ಟಿಹಾಕುವ ಉದ್ಯೋಗವೂ ಒಂದೇ ಊರಿನ ಆಸುಪಾಸಿನಲ್ಲಿ ನೆಲೆಸಿವೆ. ಈ ಎರಡನೆಯದನ್ನು ಅರಸಿ ಬಂದವರಲ್ಲಿ ಕನ್ನಡಿಗರೂ ಇದ್ದಾರೆ.

ಅಂಥ ಉದ್ಯೋಗಿಯೊಬ್ಬರಿಗೆ ವಯಸ್ಸು ನಲವತ್ತೈದು ಎಂದುಕೊಳ್ಳಬಹುದು. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ರಕ್ತದೊತ್ತಡ ಸ್ವಲ್ಪ ಮೇಲೇರಿದೆ. ವೈದ್ಯರು "ನಡೆಯಿರಿ" ಎಂದಿದ್ದಾರೆ. ಗೆಳೆಯರು "ಗಾಲ್ಫ್ ಆಡೋಣ ಬನ್ನಿ" ಎಂದಿದ್ದಾರೆ. ನಗರದ ಕವಡಿಯಾರ್ ಪ್ರದೇಶದಲ್ಲಿ ತಿರುವಾಂಕೂರು ಸಂಸ್ಥಾನದ ಕಾಲದಿಂದ ಬಂದ ಒಂಬತ್ತು ಗುಳಿಗಳ ಹಳೆಯ ಗಾಲ್ಫ್ ಮೈದಾನವಿದೆ ಎಂಬ ಸಂಗತಿಯೂ ಅವರಿಗೆ ಗೊತ್ತಾಗಿದೆ. ಒಂದು ಭಾನುವಾರದ ಬೆಳಿಗ್ಗೆ ಅವರು ಮೊದಲ ಬಾರಿಗೆ ಕೋಲು ಹಿಡಿಯುತ್ತಾರೆ. ಹಿಡಿದವರು ಮೊದಲು ಮಾಡುವುದೇನು? ಇದ್ದಬದ್ದ ಬಲವನ್ನೆಲ್ಲ ತೋಳಿಗೆ ತಂದುಕೊಂಡು ಚೆಂಡನ್ನು ಬಾರಿಸುವುದು! ಹತ್ತರಲ್ಲಿ ಒಂದು ಹೊಡೆತ ಆಕಾಶಕ್ಕೆ ಹಾರಿ ಬಹುದೂರ ಬೀಳುತ್ತದೆ. ಆ ಒಂದರ ನೆನಪಿನಲ್ಲಿ ಉಳಿದ ಒಂಬತ್ತು ಮರೆತುಹೋಗುತ್ತವೆ. ವಾರದ ನಂತರ ಸೊಂಟ ಹಿಡಿದುಕೊಳ್ಳುತ್ತದೆ. ತಿಂಗಳ ನಂತರ ಕೋಲು ಮೂಲೆ ಸೇರುತ್ತದೆ. ವೈದ್ಯರು ಹೇಳಿದ ನಡಿಗೆಯೂ ಅದರೊಡನೆ ನಿಂತುಹೋಗುತ್ತದೆ.

ಈ ಆಟದಲ್ಲಿ ಬಲದ ಬೆನ್ನು ಹತ್ತುವುದು ಅಂಕಕ್ಕೂ ಹಾನಿ, ಅಂಗಕ್ಕೂ ಹಾನಿ ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಲೆಕ್ಕದ ಪುಸ್ತಕ ಹೇಳುವುದೇನು?

ಗಾಲ್ಫಿನ ನಿಯಮ ಮೇಲ್ನೋಟಕ್ಕೆ ಬಹು ಸರಳ. ಹದಿನೆಂಟು ಗುಳಿಗಳಿಗೆ ಚೆಂಡನ್ನು ಒಂದಾದ ಮೇಲೊಂದರಂತೆ ಮುಟ್ಟಿಸಬೇಕು. ಅತಿ ಕಡಿಮೆ ಹೊಡೆತಗಳಲ್ಲಿ ಮುಟ್ಟಿಸಿದವನೇ ಗೆದ್ದವನು. ಒಂಬತ್ತೇ ಗುಳಿಗಳ ಮೈದಾನವಾದರೆ ಅದನ್ನೇ ಎರಡು ಸಲ ಸುತ್ತುತ್ತಾರೆ. ಪ್ರತಿ ಗುಳಿಗೂ ನುರಿತ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂಬ ಒಂದು ಗೊತ್ತುಪಾಡಿದೆ. ಅದಕ್ಕೆ 'ಪಾರ್' ಎಂದು ಹೆಸರು. ಅದಕ್ಕಿಂತ ಒಂದು ಕಡಿಮೆಯಾದರೆ 'ಬರ್ಡಿ', ಒಂದು ಹೆಚ್ಚಾದರೆ 'ಬೋಗಿ'.

ಸಾಧಾರಣವಾಗಿ ಪೂರ್ಣ ಮೈದಾನವೊಂದರ ಪಾರ್ 72. ಈ 72ನ್ನು ಖಾತೆವಾರು ಬಿಡಿಸಿ ನೋಡಿದರೆ ಕಣ್ಣು ತೆರೆಯುತ್ತದೆ. ಪ್ರತಿ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಅಂದರೆ 'ಗ್ರೀನ್' ಮೇಲೆ, ಎರಡೆರಡು ಸಲ ಚೆಂಡನ್ನು ಮೆಲ್ಲಗೆ ತಳ್ಳುವ 'ಪಟ್' ಹೊಡೆತಗಳೇ 36. ದೂರಕ್ಕೆ ಹೊಡೆಯುವ 'ಡ್ರೈವರ್' ಎಂಬ ಉದ್ದ ಕೋಲಿಗೆ ಕೆಲಸವಿರುವುದು ಹೆಚ್ಚೆಂದರೆ 14 ಸಲ. ಉಳಿದ 22 ಹೊಡೆತಗಳು ಮಧ್ಯಮ ದೂರದವು. ಹೊಸಬರು ತಮ್ಮ ಅಭ್ಯಾಸದ ವೇಳೆಯನ್ನೆಲ್ಲ ಆ 14ಕ್ಕೆ ಸುರಿಯುತ್ತಾರೆ. 36ರ ಕಡೆ ತಿರುಗಿಯೂ ನೋಡುವುದಿಲ್ಲ. 250 ಗಜ ಹಾರಿದ ಚೆಂಡಿಗೂ ಒಂದೇ ಹೊಡೆತದ ಲೆಕ್ಕ, ಗುಳಿಯ ಅಂಚಿನಿಂದ ಒಂದು ಗೇಣು ತಳ್ಳಿದ ಚೆಂಡಿಗೂ ಒಂದೇ ಹೊಡೆತದ ಲೆಕ್ಕ. ಪುಸ್ತಕದಲ್ಲಿ ಎರಡಕ್ಕೂ ಬೆಲೆ ಸಮಾನ.

ಇನ್ನು ತಪ್ಪಿನ ದಂಡ. ಹೊಡೆತ ತನ್ನ ಗುರಿಯಿಂದ ಐದು ಡಿಗ್ರಿ ವಾಲಿತು ಎಂದಿಟ್ಟುಕೊಂಡರೆ, 200 ಗಜ ಹೋಗುವ ಚೆಂಡು ಸುಮಾರು 17 ಗಜ ಪಕ್ಕಕ್ಕೆ ಬೀಳುತ್ತದೆ. 250 ಗಜ ಹೋಗುವುದು ಸುಮಾರು 22 ಗಜ ಪಕ್ಕಕ್ಕೆ ಬೀಳುತ್ತದೆ. ಅಂದರೆ ಬಲ ಹೆಚ್ಚಿದಂತೆ ತಪ್ಪೂ ದೂರಕ್ಕೆ ಹೋಗುತ್ತದೆ. ಅದರ ಮೇಲೆ, ಬಲ ಹಾಕುವಾಗ ದೇಹ ಅಲುಗಿ ಕೋಲಿನ ನಡುಭಾಗಕ್ಕೆ ಚೆಂಡು ಸಿಗದೆಹೋದರೆ, ಬಯಸಿದ ದೂರವೂ ದಕ್ಕುವುದಿಲ್ಲ. ಚೆಂಡು ಮೈದಾನದ ಗಡಿ ದಾಟಿತೋ, ಒಂದು ಹೊಡೆತದ ದಂಡ ತೆತ್ತು ಮೊದಲಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ನಾಲ್ಕರ ಗುಳಿಯೊಂದರಲ್ಲಿ ಬಲಶಾಲಿ ಹೀಗೆ ಏಳಕ್ಕೆ ಏರುತ್ತಾನೆ. ನಿಧಾನಿಯಾದವನು ಎರಡು ಸಾಧಾರಣ ಹೊಡೆತ, ಒಂದು ಕಿರು ಹೊಡೆತ, ಎರಡು ಪಟ್‌ಗಳಿಂದ ಐದಕ್ಕೆ ಮುಗಿಸುತ್ತಾನೆ. ಪ್ರತಿ ಗುಳಿಯಲ್ಲೂ ಒಂದೊಂದು ಬೋಗಿ ಮಾಡಿದರೂ ಒಟ್ಟು 90. ವಾರಕ್ಕೊಮ್ಮೆ ಆಡುವ ಗೃಹಸ್ಥನಿಗೆ ಅದು ನಾಚಿಕೆಯ ಅಂಕವೇನಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಗಾಲ್ಫಿಗೆ ಒಪ್ಪುವಷ್ಟು ಬೇರೆ ಯಾವ ಆಟಕ್ಕೂ ಒಪ್ಪಲಾರದು.

ಆಟಗಾರನ ಮಟ್ಟವನ್ನು ಅಳೆಯುವ ಪದ್ಧತಿಯೂ ಇದೇ ಮಾತನ್ನು ಹೇಳುತ್ತದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಆಟಗಾರನ ಕಡೆಯ 20 ಸುತ್ತುಗಳ ಪೈಕಿ ಉತ್ತಮವಾದ 8ರ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಒಂದು ದಿನದ ಪವಾಡ ಅಲ್ಲಿ ಸಾಲದು.

ಟೋಕಿಯೋದ ಒಂದು ಬೆಳಗು

ಲೆಕ್ಕ ಸರಿ, ದೊಡ್ಡ ಕಣದಲ್ಲಿ ಇದು ನಡೆದೀತೆ ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರ ಬೆಂಗಳೂರಿನಲ್ಲಿಯೇ ಹುಟ್ಟಿದೆ.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು. ಅದೇ ನಗರದಲ್ಲಿ 1998ರಲ್ಲಿ ಹುಟ್ಟಿದ ಅದಿತಿ ಅಶೋಕ್, ಐದನೆಯ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ತಂದೆತಾಯಿಯರೊಡನೆ ಆಟ ಆರಂಭಿಸಿದರು. 2016ರಲ್ಲಿ ಭಾರತೀಯ ಮಹಿಳಾ ಓಪನ್ ಗೆದ್ದು, ಮಹಿಳೆಯರ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳೆನಿಸಿದರು. ಕೊರೋನಾ ಕಾರಣದಿಂದ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಹೊರಟಾಗ ಅವರ ವಿಶ್ವಶ್ರೇಯಾಂಕ 200. ಅದಕ್ಕೆ ಕೆಲವೇ ವಾರಗಳ ಹಿಂದೆ ಕೊರೋನಾ ಸೋಂಕಿನಿಂದ ಬಳಲಿದ್ದರಿಂದ ಮೊದಲೇ ಹೆಚ್ಚಿಲ್ಲದ ಹೊಡೆತದ ದೂರ ಇನ್ನಷ್ಟು ಕುಗ್ಗಿತ್ತು. ಕೋಲಿನ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ.

ಅರವತ್ತು ಮಂದಿಯ ಆ ಕಣದಲ್ಲಿ ಚೆಂಡನ್ನು ದೂರ ಹೊಡೆಯುವವರ ಪಟ್ಟಿಯಲ್ಲಿ ಅದಿತಿಯವರ ಸ್ಥಾನ ಕಟ್ಟಕಡೆಯದು. ಪಟ್ ಮಾಡುವವರ ಪಟ್ಟಿಯಲ್ಲಿ ಮೊಟ್ಟಮೊದಲನೆಯದು. ಎದುರಾಳಿಗಳು ಸಣ್ಣ ಕೋಲಿನಿಂದ ಗುಳಿಯ ಬಳಿಗೆ ಚೆಂಡನ್ನು ಇಳಿಸುತ್ತಿದ್ದ ಕಡೆ ಇವರು ಉದ್ದ ಕೋಲನ್ನು ಕೈಗೆತ್ತಿಕೊಳ್ಳಬೇಕಾಗಿತ್ತು. ಆದರೂ ದಾರಿ ತಪ್ಪಲಿಲ್ಲ, ಆತುರಪಡಲಿಲ್ಲ. ಪಾರ್ 71ರ ಮೈದಾನದಲ್ಲಿ ನಾಲ್ಕು ದಿನಗಳ ಅಂಕ 67, 66, 68, 68. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಇರುವ ಅಂತರ ಎರಡು ಹೊಡೆತಗಳಿಗೆ ಮೀರಿಲ್ಲ! ಮೂರು ದಿನಗಳ ಕೊನೆಗೆ ಅವರು ಎರಡನೆಯ ಸ್ಥಾನದಲ್ಲಿದ್ದರು. 2021ರ ಆಗಸ್ಟ್ 7ರಂದು, ಗಾಲ್ಫ್ ಎಂದರೇನೆಂದು ಅರಿಯದ ಮನೆಗಳಲ್ಲಿಯೂ ಜನ ನಸುಕಿನಲ್ಲೆದ್ದು ದೂರದರ್ಶನದ ಮುಂದೆ ಕುಳಿತರು. ಮಳೆ ಸಿಡಿಲಿನಿಂದ ನಡುವೆ ಆಟ ನಿಂತು ಮತ್ತೆ ಮುಂದುವರಿಯಿತು. ಕೊನೆಯ ಗುಳಿಯಲ್ಲಿ ಬರ್ಡಿಗಾಗಿ ತಳ್ಳಿದ ಚೆಂಡು ಒಳಗೆ ಬೀಳಲಿಲ್ಲ. ಅಮೆರಿಕದ ನೆಲ್ಲಿ ಕೊರ್ಡಾ 267 ಹೊಡೆತಗಳಿಂದ ಚಿನ್ನ ಪಡೆದರು. 268ರಲ್ಲಿ ಸಮನಾದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಬೆಳ್ಳಿ ಕಂಚುಗಳನ್ನು ಹಂಚಿಕೊಂಡರು. 269ರ ಅದಿತಿ ನಾಲ್ಕನೆಯವರಾದರು. ಒಂದೇ ಒಂದು ಹೊಡೆತ!

ಕೊರ್ಡಾ ದೂರ ಹೊಡೆಯುವ ಆಟಗಾರ್ತಿ ಎಂಬುದನ್ನು ಮರೆಮಾಚುವಂತಿಲ್ಲ. ಬಲಕ್ಕೆ ಬೆಲೆಯಿಲ್ಲವೆಂದು ಯಾರೂ ಹೇಳಲಾರರು. ಆದರೆ ಬಲದಲ್ಲಿ ಕಟ್ಟಕಡೆಯವರಾದವರು ಸ್ಥಿರತೆಯೊಂದನ್ನೇ ನಂಬಿ ಪದಕದ ಬಾಗಿಲವರೆಗೆ ನಡೆದರು ಎಂಬುದು ದೊಡ್ಡ ಮಾತು.

ಸ್ಥಿರತೆ ಒಮ್ಮೆ ಗಳಿಸಿದರೆ ಶಾಶ್ವತವಾಗಿ ಉಳಿಯುವ ಆಸ್ತಿಯೂ ಅಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಅದಿತಿ ಮೂರನೆಯ ದಿನ 61ರ ಅದ್ಭುತ ಸುತ್ತು ಆಡಿ ಏಳು ಹೊಡೆತಗಳಷ್ಟು ಮುಂದಿದ್ದರು. ಕೊನೆಯ ದಿನ 77 ಆಗಿ ಚಿನ್ನ ಥಾಯ್ಲೆಂಡಿನ ಆಟಗಾರ್ತಿಗೆ ಹೋಯಿತು. ಆದರೂ ದಕ್ಕಿದ ಬೆಳ್ಳಿ, ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬರು ಪಡೆದ ಮೊದಲ ಪದಕ. ನಿನ್ನೆಯ ಜಮೆ ಇಂದಿನ ಖರ್ಚಿಗೆ ಆಗುವುದಿಲ್ಲ. ಪ್ರತಿ ಬೆಳಿಗ್ಗೆ ಹೊಸ ಪುಟ ತೆರೆಯಬೇಕು. ವಿಶ್ವಮಟ್ಟದ ಆಟಗಾರ್ತಿಗೇ ಹೀಗಾಗುವಾಗ, ಭಾನುವಾರದ ಆಟಗಾರ ಒಂದು ಕೆಟ್ಟ ದಿನಕ್ಕೆ ಎದೆಗುಂದಬೇಕಾಗಿಲ್ಲ.

ಬೆನ್ನಿನ ದೂರು

ಅಂಕಕ್ಕಿಂತ ಮುಖ್ಯವಾದುದು ಆರೋಗ್ಯ. ಗಾಲ್ಫ್ ಹೊಡೆತದಲ್ಲಿ ಸೊಂಟ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ತಿರುಚಿಕೊಂಡು ಕ್ಷಣಾರ್ಧದಲ್ಲಿ ಬಿಚ್ಚಿಕೊಳ್ಳುತ್ತವೆ. ಆ ಕ್ಷಣದಲ್ಲಿ ಬೆನ್ನೆಲುಬಿನ ಕೆಳಭಾಗದ ಮೇಲೆ ಬೀಳುವ ಒತ್ತಡ ದೇಹದ ತೂಕದ ಹಲವು ಪಟ್ಟು. ವಾರದಲ್ಲಿ ಐದು ದಿನ ಕುರ್ಚಿಯಲ್ಲಿ ಮಡಿಸಿಟ್ಟ ಬೆನ್ನನ್ನು ಆರನೆಯ ದಿನ ಹೀಗೆ ತಿರುಚಿದರೆ ಅದು ದೂರು ಕೊಡದೆ ಇರುವುದೆ? ಹವ್ಯಾಸಿ ಆಟಗಾರರನ್ನು ಹೆಚ್ಚಾಗಿ ಕಾಡುವುದು ಸೊಂಟನೋವು. ಅದರ ಜೊತೆಗೆ ಮೊಣಕೈ ಮತ್ತು ಮಣಿಕಟ್ಟಿನ ನೋವು. ಕೋಲನ್ನು ಬಿಗಿಹಿಡಿದು ಬಲವಾಗಿ ಬೀಸುವವರಿಗೆ ಮೊಣಕೈಯ ಒಳಬದಿಯಲ್ಲಿ ಬರುವ ನೋವಿಗೆ 'ಗಾಲ್ಫರನ ಮೊಣಕೈ' ಎಂದೇ ಹೆಸರು. ಬಲಕ್ಕೆ ಹೆಸರಾದ ಟೈಗರ್ ವುಡ್ಸ್ 2014ರಿಂದ ಬೆನ್ನಿಗೆ ಹಲವು ಶಸ್ತ್ರಚಿಕಿತ್ಸೆಗಳಿಗೆ ಒಳಗಾಗಿ, 2017ರಲ್ಲಿ ಬೆನ್ನೆಲುಬಿನ ಮೂಳೆಗಳನ್ನೇ ಬೆಸೆಯಿಸಿಕೊಳ್ಳಬೇಕಾಯಿತು. ಅವರಿಗೆ ನುರಿತ ವೈದ್ಯರೂ ಶಿಕ್ಷಕರೂ ಇದ್ದರು. ಸಾಮಾನ್ಯ ನೌಕರನಿಗೆ ಇರುವುದು ಒಂದು ಬೆನ್ನು, ಕೆಲವು ದಿನಗಳ ರಜೆ.

ಅದೇ ಆಟವನ್ನು ಹದವರಿತು ಆಡಿದರೆ ಲಾಭ ಅಪಾರ. ಹದಿನೆಂಟು ಗುಳಿಗಳನ್ನು ನಡೆದೇ ಮುಗಿಸಿದರೆ ಎಂಟು ಹತ್ತು ಕಿಲೋಮೀಟರು ನಡೆದಂತಾಯಿತು. ಸ್ವೀಡನ್ನಿನ ಸುಮಾರು 3 ಲಕ್ಷ ಗಾಲ್ಫ್ ಆಟಗಾರರನ್ನು ಕುರಿತ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅದೇ ವಯಸ್ಸು ಮತ್ತು ಅಂತಸ್ತಿನ ಇತರರಿಗಿಂತ ಅವರ ಮರಣ ಪ್ರಮಾಣ ಶೇಕಡಾ 40ರಷ್ಟು ಕಡಿಮೆಯೆಂದು ಕಂಡುಬಂದಿತು. ಆರೋಗ್ಯವಂತರೇ ಗಾಲ್ಫಿಗೆ ಹೋಗುತ್ತಿರಬಹುದಾದ್ದರಿಂದ ಎಲ್ಲ ಯಶಸ್ಸನ್ನೂ ಆಟಕ್ಕೇ ಕೊಡುವಂತಿಲ್ಲ. ಆದರೂ ಅದರಲ್ಲಿ ಒಂದು ಅಂಶ ಗಮನಾರ್ಹ: ಒಳ್ಳೆಯ ಹ್ಯಾಂಡಿಕ್ಯಾಪ್ ಉಳ್ಳವರಲ್ಲಿ ಈ ಅನುಕೂಲ ಇನ್ನೂ ಹೆಚ್ಚು. ಅಂಥ ಹ್ಯಾಂಡಿಕ್ಯಾಪ್ ಬರುವುದು ವರ್ಷಾನುಗಟ್ಟಲೆ ತಪ್ಪದೆ ಆಡಿದವರಿಗೆ. ಒಂದು ತಿಂಗಳ ಆವೇಶದಲ್ಲಿ ಬೆನ್ನು ಮುರಿದುಕೊಂಡವರಿಗೆ ಅದು ದೊರೆಯದು.

ಸ್ಥಿರ ಆಟಕ್ಕೆ ಕೆಲವು ಸೂತ್ರಗಳು

ಮೊದಲನೆಯದು ಮೈ ಬಿಸಿ ಮಾಡಿಕೊಳ್ಳುವುದು. ಹತ್ತು ನಿಮಿಷ ಚುರುಕಾಗಿ ನಡೆದು, ಸೊಂಟ ಭುಜಗಳನ್ನು ಮೆಲ್ಲನೆ ತಿರುಗಿಸಿದ ಮೇಲೆಯೇ ಕೋಲು ಹಿಡಿಯಬೇಕು.

ಎರಡನೆಯದು ಲಯ. ನುರಿತವರಲ್ಲಿ ಕೋಲನ್ನು ಹಿಂದಕ್ಕೆ ಎತ್ತುವ ವೇಳೆ, ಕೆಳಗಿಳಿಸುವ ವೇಳೆಯ ಸುಮಾರು ಮೂರು ಪಟ್ಟು ಇರುತ್ತದೆ. ಮೂರೆಣಿಕೆಯಲ್ಲಿ ಮೇಲಕ್ಕೆ, ಒಂದೆಣಿಕೆಯಲ್ಲಿ ಕೆಳಕ್ಕೆ ಎಂದು ಮನಸ್ಸಿನಲ್ಲಿಯೇ ತಾಳ ಹಾಕಿಕೊಂಡರೆ ಆತುರ ತಾನಾಗಿ ಇಳಿಯುತ್ತದೆ. ಪೂರ್ಣ ಬೀಸಿನ ಬದಲು ಮುಕ್ಕಾಲು ಬೀಸು ಸಾಕು. ಹೊಡೆದು ಮುಗಿದ ಮೇಲೂ ಕಾಲ ಮೇಲೆ ನೆಟ್ಟಗೆ ನಿಲ್ಲಲಾಗದಿದ್ದರೆ ಬಲ ಹೆಚ್ಚಾಯಿತೆಂದೇ ಅರ್ಥ.

ಮೂರನೆಯದು ಕೋಲಿನ ಆಯ್ಕೆ. ಚೀಲದಲ್ಲಿ 14 ಕೋಲುಗಳಿಗೆ ಅವಕಾಶವಿರುವುದು ಸುಮ್ಮನೆ ಅಲ್ಲ. ಇಕ್ಕಟ್ಟಾದ ಗುಳಿಯಲ್ಲಿ ಡ್ರೈವರನ್ನು ಚೀಲದಲ್ಲಿಯೇ ಬಿಟ್ಟು, ನಂಬಿಕೆಯ ಚಿಕ್ಕ ಕೋಲಿನಿಂದ ಹೊಡೆಯುವುದು ಹೇಡಿತನವಲ್ಲ, ಜಾಣತನ. ಚೆಂಡು ಮರಗಳ ನಡುವೆ ಸಿಕ್ಕಿಕೊಂಡಾಗ ಸಂದಿಯಲ್ಲಿ ತೂರಿಸುವ ಸಾಹಸ ಬೇಡ. ಪಕ್ಕಕ್ಕೆ ತಳ್ಳಿ ದಾರಿಗೆ ತಂದುಕೊಳ್ಳುವುದೇ ಮೇಲು.

ನಾಲ್ಕನೆಯದು ಅಭ್ಯಾಸದ ಹಂಚಿಕೆ. ಅಭ್ಯಾಸದ ಅರ್ಧ ವೇಳೆ ಪಟ್ ಮತ್ತು ಕಿರು ಹೊಡೆತಗಳಿಗೆ ಮೀಸಲಾಗಿರಲಿ. ಪಟ್ ಅಭ್ಯಾಸಕ್ಕೆ ಮನೆಯ ಚಾಪೆಯೂ ಸಾಕು, ಬೆನ್ನಿಗೂ ಶ್ರಮವಿಲ್ಲ.

ಐದನೆಯದು ಒಂದು ಚಿಕ್ಕ ಟಿಪ್ಪಣಿ ಪುಸ್ತಕ. ಪ್ರತಿ ಸುತ್ತಿನಲ್ಲಿ ಎಷ್ಟು ಪಟ್, ಎಷ್ಟು ದಂಡ, ಎಷ್ಟು ಸಲ ಮೊದಲ ಹೊಡೆತ ದಾರಿಯಲ್ಲಿ ಬಿದ್ದಿತು ಎಂದು ಬರೆದಿಟ್ಟರೆ, ಆರು ತಿಂಗಳಲ್ಲಿ ಸೋರಿಕೆ ಎಲ್ಲೆಂದು ಪುಸ್ತಕವೇ ತೋರಿಸುತ್ತದೆ.

ಕೇರಳದ ಹವೆಗೆ ತಕ್ಕ ಎಚ್ಚರವೂ ಅಗತ್ಯ. ಬೆಳಿಗ್ಗೆ ಬೇಗ ಆರಂಭಿಸಿ, ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿಯೂ ತುಲಾ ಮಳೆಯ ಅಕ್ಟೋಬರ್, ನವೆಂಬರ್‌ನಲ್ಲಿಯೂ ಮಧ್ಯಾಹ್ನದ ಮೇಲೆ ಸಿಡಿಲಿನ ಭಯವುಂಟು. ಗುಡುಗು ಕೇಳಿದೊಡನೆ ಆಟ ನಿಲ್ಲಿಸಿ ಕಟ್ಟಡದೊಳಗೆ ಸೇರಬೇಕು, ಮರದಡಿ ನಿಲ್ಲಬಾರದು. ಹೃದ್ರೋಗ, ಹಳೆಯ ಬೆನ್ನುನೋವು ಇದ್ದವರು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು.

ಕೊನೆಯ ಮಾತು

ಕಳಕ್ಕೂಟಂನ ಆ ನಲವತ್ತೈದರ ಗೃಹಸ್ಥನಿಗೆ ಇಪ್ಪತ್ತೈದರ ತೋಳನ್ನು ಯಾವ ದುಬಾರಿ ಕೋಲೂ ತಂದುಕೊಡಲಾರದು. ಆದರೆ ನೇರವಾಗಿ ಹೊಡೆಯುವ ಕಲೆಗೆ ವಯಸ್ಸಿನ ಹಂಗು ಕಡಿಮೆ. ಮೆಲ್ಲಗೆ ತಳ್ಳುವ ಕಲೆಗೆ ಹಂಗೇ ಇಲ್ಲ. ಊರು ಬಿಟ್ಟು ಬಂದವರ ಬದುಕೂ ಒಂದೇ ಹೊಡೆತದಲ್ಲಿ ಕಟ್ಟಿದ್ದಲ್ಲ. ತಿಂಗಳು ತಿಂಗಳು ಉಳಿಸಿ, ವರ್ಷ ವರ್ಷ ಕೂಡಿಸಿ, ಬಿದ್ದಲ್ಲಿಂದ ಮತ್ತೆ ದಾರಿಗೆ ಬಂದು ಕಟ್ಟಿದ್ದು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬುದನ್ನು ಬಾಳಿನಲ್ಲಿ ಅರಿತವರು ಮೈದಾನದಲ್ಲಿ ಅದನ್ನು ಮರೆಯಬಾರದು. ಎಷ್ಟು ದೂರ ಹೊಡೆದೆವೆಂಬುದು ಸಂಜೆಯ ಹರಟೆಗೆ ಸಾಕು. ಎಷ್ಟು ವರ್ಷ ನೋವಿಲ್ಲದೆ ಆಡಿದೆವೆಂಬುದೇ ನಿಜವಾದ ಅಂಕ.