ಏರ್ ಫ್ರೈಯರ್ ಕೊಳ್ಳಬೇಕೇ?

ಜಯನಗರ, ಬನಶಂಕರಿಯ ಮನೆಗಳಲ್ಲಿ ಈಗ ಕೇಳಿಬರುತ್ತಿರುವ ಈ ಪ್ರಶ್ನೆಗೆ ಉತ್ತರವು ಆಯಾ ಮನೆಯ ಅಡುಗೆಯ ರೂಢಿಯಲ್ಲಿಯೇ ಇದೆ.

ಏರ್ ಫ್ರೈಯರ್ ಎಣ್ಣೆಯಲ್ಲಿ ಕರಿಯುವುದಿಲ್ಲ. ಫ್ಯಾನಿನ ಮೂಲಕ ಬಿಸಿಗಾಳಿಯನ್ನು ಸುತ್ತಿಸಿ ಬೇಯಿಸುತ್ತದೆ. ಬೆಂಡೆಕಾಯಿ, ಆಲೂಗಡ್ಡೆಗಳು ಒಂದು ಚಮಚ ಎಣ್ಣೆಯಲ್ಲಿಯೇ ಗರಿಗರಿಯಾಗುತ್ತವೆ. ಬಜ್ಜಿ, ಬೋಂಡಗಳ ಹಸಿಹಿಟ್ಟು ಮಾತ್ರ ಸೋರಿಹೋಗುತ್ತದೆ.

ಒಂದು ಗ್ರಾಂ ಎಣ್ಣೆಯಲ್ಲಿ 9 ಕಿಲೊಕ್ಯಾಲೊರಿ ಶಕ್ತಿಯಿದೆ. ವಾರದಲ್ಲಿ ಹಲವು ಬಾರಿ ಕರಿದ ತಿಂಡಿ ಮಾಡುವ ಚಿಕ್ಕ ಕುಟುಂಬಕ್ಕೆ, ಅದರಲ್ಲೂ ಹೃದ್ರೋಗಿಗಳಿರುವ ಮನೆಗೆ ಇದು ಉಪಯುಕ್ತ. ಹಬ್ಬಕ್ಕಷ್ಟೇ ಕರಿದು, ನಿತ್ಯ ರೊಟ್ಟಿ-ಪಲ್ಯ ಉಣ್ಣುವವರಿಗೆ ಇದರ ಅಗತ್ಯವಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಿದ್ದರೆ ಸಾಕು.

ಕೊಂಡವರೂ ಆಲೂಗಡ್ಡೆಯನ್ನು ಕಡುಕಂದಾಗುವಷ್ಟು ಬೇಯಿಸಬಾರದು. ಅತಿ ಶಾಖದಲ್ಲಿ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಹುಟ್ಟುತ್ತದೆ. ಆಹಾರವನ್ನು ಪ್ರಸಾದವೆಂದು ಕಾಣುವ ನಮಗೆ ಯಂತ್ರಕ್ಕಿಂತ ಮಿತವೇ ಮೊದಲು.